ಥರ್ಮೋಕೋಲ್ ನಾಲಿಗೆ ರಿಪೇರಿಗೆ ಬಂತು

ನನ್ನದು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಸಣ್ಣ ರಿಪೇರಿ ಅಂಗಡಿ. ಮಿಕ್ಸರ್, ಇನ್ವರ್ಟರ್, ಕೂಲರ್ ಮೋಟರ್, ಬಂದದ್ದನ್ನೆಲ್ಲ ಬಿಚ್ಚುತ್ತೇನೆ. ನಾಲಿಗೆ ಬಂದದ್ದು ಇದೇ ಮೊದಲು.

ತಂದವಳು ಅಣ್ಣನ ಮಗಳು. ಒಂಬತ್ತನೇ ಕ್ಲಾಸು. ಅವರ ಶಾಲೆಯಲ್ಲಿ ಫೆಬ್ರವರಿ 28ಕ್ಕೆ, ವಿಜ್ಞಾನ ದಿನಕ್ಕೆ, ಎಕ್ಸಿಬಿಷನ್ ಇತ್ತು. ಲ್ಯಾಬಿನ ಅಲಮಾರಿ ಮೇಲಿಂದ ಹಳೇ ಮಾಡೆಲ್ ಒಂದನ್ನು ಇಳಿಸಿ ಇವಳ ಕೈಗೆ ಕೊಟ್ಟಿದ್ದರು. ಎರಡು ಅಡಿ ಉದ್ದದ ಥರ್ಮೋಕೋಲ್ ನಾಲಿಗೆ. ಮೇಲೆ ಗುಲಾಬಿ ಬಣ್ಣ. ತುದಿಯಲ್ಲಿ 'ಸಿಹಿ', ಅದರ ಪಕ್ಕ 'ಉಪ್ಪು', ಸ್ವಲ್ಪ ಹಿಂದೆ 'ಹುಳಿ', ಬುಡದಲ್ಲಿ 'ಕಹಿ'. ನಾಲ್ಕು ಬಲ್ಬು, ನಾಲ್ಕು ಬಟನ್.

"ಕಾಕಾ, ಕಹಿ ಹತ್ತವಲ್ದು. ಹತ್ತೇ ದಿನ ಉಳದಾವ."

ಮಲ್ಟಿಮೀಟರ್ ಹಚ್ಚಿ ನೋಡಿದೆ. ಬ್ಯಾಟರಿ ಕ್ಲಿಪ್ ಹಸಿರುಗಟ್ಟಿತ್ತು, ಕಹಿ ಬಲ್ಬಿನ ಸೋಲ್ಡರ್ ಬಿಟ್ಟಿತ್ತು. ಕ್ಲಿಪ್ ಬದಲಿಸಿ, ಎರಡು ಚುಕ್ಕೆ ಸೋಲ್ಡರ್ ಹಾಕಿದೆ. ಹತ್ತು ನಿಮಿಷದ ಕೆಲಸ. ಕಹಿ ಹತ್ತಿತು. ಇಲ್ಲಿಗೆ ಮುಗಿಯಬೇಕಿತ್ತು.

ಆದರೆ ಹುಡುಗಿ ಬಟನ್ ಒತ್ತುತ್ತ ಒತ್ತುತ್ತ ಸುಮ್ನೆ ಕೂಡಲಿಲ್ಲ. ಅಂಗಡಿ ಮುಂದಿನ ಬೇವಿನ ಗಿಡದಿಂದ ಒಂದು ಎಲೆ ಕಿತ್ತು, ಮುರಿದು, ನಾಲಿಗೆಯ ತುದಿಗೆ ಮುಟ್ಟಿಸಿಕೊಂಡಳು. ಮುಖ ಕಿವುಚಿ ಹೇಳಿದಳು, "ಕಾಕಾ, ತುದೀಗೇ ಕಹಿ ಬರ್ಲಾಕತ್ತದ. ಇದರಾಗ ಹಿಂದ ಅಂತ ಬರದಾರಲ್ಲ?"

ನಾನೂ ಒಂದು ಎಲೆ ತಗೊಂಡೆ. ಹೌದು, ತುದಿಯಲ್ಲೇ ಕಹಿ. ಚಹಾದವನ ಹತ್ತಿರ ಒಂದು ಚಿಟಿಕೆ ಸಕ್ಕರೆ ಇಸಕೊಂಡು ನಾಲಿಗೆಯ ಅಂಚಿಗೆ ಇಟ್ಟೆ. ಸಿಹಿ. ಉಪ್ಪನ್ನು ನಡುವಿನ ಬದಿಗೆ ಇಟ್ಟೆ. ಉಪ್ಪೇ. ಪ್ರತಿ ಯುಗಾದಿಗೆ ಬೇವು ಬೆಲ್ಲ ತಿಂದಿದ್ದೇನೆ, ಒಮ್ಮೆಯೂ ಇದನ್ನು ಗಮನಿಸಿರಲಿಲ್ಲ. ವೈರಿಂಗ್ ಸರಿ ಇತ್ತು. ತಪ್ಪಿದ್ದು ಮಾಡೆಲ್ಲೇ.

ಅವತ್ತು ರಾತ್ರಿ ಕೂತು ಓದಿದೆ. ಈ ನಕ್ಷೆಯ ಮೂಲ 1901ರಲ್ಲಿ ಜರ್ಮನಿಯ ಹೇನಿಗ್ ಎಂಬಾತ ಮಾಡಿದ ಅಳತೆ. ನಾಲಿಗೆಯ ಬೇರೆ ಬೇರೆ ಜಾಗದಲ್ಲಿ ರುಚಿ ಗೊತ್ತಾಗಲು ಬೇಕಾಗುವ ಪ್ರಮಾಣದಲ್ಲಿ ಚೂರು ವ್ಯತ್ಯಾಸ ಇದೆ ಅಂತ ಆತ ಕಂಡಿದ್ದ. ಚೂರು ಮಾತ್ರ. 1942ರಲ್ಲಿ ಹಾರ್ವರ್ಡ್‌ನ ಎಡ್ವಿನ್ ಬೋರಿಂಗ್ ತಮ್ಮ ಪುಸ್ತಕದಲ್ಲಿ ಅದನ್ನು ಗ್ರಾಫ್ ಮಾಡಿ ಹಾಕಿದರು. ನೋಡಿದವರಿಗೆ ಒಂದು ಜಾಗದಲ್ಲಿ ಒಂದೇ ರುಚಿ, ಬೇರೆಯದು ಇಲ್ಲವೇ ಇಲ್ಲ ಅನ್ನೋ ಹಾಗೆ ಕಂಡಿತು. ಅಲ್ಲಿಂದ ಅದು ಶಾಲೆಯ ಗೋಡೆಗೆ ಏರಿತು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಅಳೆದು, ವ್ಯತ್ಯಾಸ ತೀರಾ ಸಣ್ಣದು ಅಂತ ತೋರಿಸಿದರು. ಗೋಡೆ ಮೇಲಿನ ಚಿತ್ರ ಮಾತ್ರ ಇಳಿಯಲಿಲ್ಲ.

ಬೆಳಿಗ್ಗೆ ಹುಡುಗಿಗೆ ಹೇಳಿದೆ. ಇಡೀ ನಾಲಿಗೆ ಬೇಡ. ಒಂದೇ ಒಂದು ರುಚಿಮೊಗ್ಗು ಮಾಡೋಣ, ದೊಡ್ಡದಾಗಿ.

ಬೆಳ್ಳುಳ್ಳಿ ಗಡ್ಡೆ

ನಾಲಿಗೆ ಮೇಲೆ ಕಾಣುವ ಕೆಂಪು ಗುಳ್ಳೆಗಳೇ ರುಚಿಮೊಗ್ಗು ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಅಲ್ಲ. ಮೊಗ್ಗುಗಳು ಆ ಗುಳ್ಳೆಯ ಒಳಗೆ ಹುದುಗಿರುತ್ತವೆ, ಬರಿಗಣ್ಣಿಗೆ ಕಾಣುವುದಿಲ್ಲ. ಒಂದೊಂದು ಮೊಗ್ಗಿನಲ್ಲಿ 50ರಿಂದ 100 ಜೀವಕೋಶ. ಎಲ್ಲ ಉದ್ದುದ್ದ, ಒಂದಕ್ಕೊಂದು ಒತ್ತಿಕೊಂಡು, ಮೇಲೆ ಹೋದಂತೆ ಚೂಪಾಗಿ ಒಂದು ಸಣ್ಣ ರಂಧ್ರದ ಹತ್ತಿರ ಕೂಡುತ್ತವೆ. ಚಿತ್ರ ನೋಡಿದ ಕೂಡಲೇ ಹುಡುಗಿ ಅಂದಳು, "ಬಳ್ಳೊಳ್ಳಿ ಗಡ್ಡಿ ಇದ್ದಂಗ ಅದ."

ಅದೇ ವಿನ್ಯಾಸ ಆಯಿತು. ಕಾಲು ಲೀಟರಿನ ಐದು ಖಾಲಿ ಕೂಲ್‌ಡ್ರಿಂಕ್ಸ್ ಬಾಟಲಿ ತೊಳೆದು, ಬುಡ ಕತ್ತರಿಸಿ, ಬಾಯಿ ಮೇಲಾಗಿ ಪ್ಲೈವುಡ್ ಮೇಲೆ ನಿಲ್ಲಿಸಿದೆವು. ಮೇಲಿನ ತುದಿಗಳನ್ನು ಒಳಕ್ಕೆ ಬಾಗಿಸಿ ಗ್ಲೂ ಗನ್‌ನಿಂದ ಅಂಟಿಸಿದಾಗ ನಿಜಕ್ಕೂ ಬೆಳ್ಳುಳ್ಳಿ ಎಸಳುಗಳ ಹಾಗೆ ಕಂಡವು. ಒಂದೊಂದು ಬಾಟಲಿ ಒಂದು ರುಚಿಗೆ. ಉಪ್ಪು, ಹುಳಿ, ಸಿಹಿ, ಕಹಿ, ಮತ್ತೆ ಐದನೆಯದು ಉಮಾಮಿ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಹೆಸರಿಟ್ಟ ರುಚಿ ಅದು, ಗ್ಲುಟಮೇಟ್‌ನದ್ದು. ಮಾಂಸದ ಸಾರಿನಲ್ಲಿ, ಚೆನ್ನಾಗಿ ಮಾಗಿದ ಟೊಮ್ಯಾಟೋದಲ್ಲಿ ಸಿಗುತ್ತದೆ.

ಇವೆಲ್ಲದರ ನಡುವೆ ದೀಪವಿಲ್ಲದ ಬಾಟಲಿ ತುಂಡುಗಳನ್ನೂ ಸಿಕ್ಕಿಸಿದೆವು. ಮೊಗ್ಗಿನಲ್ಲಿ ಸುಮಾರು ಅರ್ಧದಷ್ಟು ಕೋಶಗಳು ಸಂಸಾರ ತೂಗಿಸುವಂಥವು. ಉಳಿದವನ್ನು ಸುತ್ತಿಕೊಂಡು, ಕೆಲಸ ಮುಗಿದ ಮೇಲೆ ಬಿದ್ದ ರಾಸಾಯನಿಕವನ್ನು ಬಳಿದು ಸ್ವಚ್ಛ ಮಾಡುತ್ತವೆ. ಅವಕ್ಕೆ ಪ್ರದರ್ಶನದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಉಪ್ಪು: ಸುಲಭ ಅಂದುಕೊಂಡು ಎರಡು ದಿನ ಹೋಯಿತು

ಉಪ್ಪು ನೀರಿನಲ್ಲಿ ಕರೆಂಟ್ ಹರಿಯುತ್ತದೆ. ಎರಡು ತಂತಿ ಮುಳುಗಿಸಿದರೆ ಮುಗಿಯಿತು ಅಂದುಕೊಂಡೆ. ತಾಮ್ರದ ತಂತಿ, ಸದಾ 5 ವೋಲ್ಟ್. ಹತ್ತು ನಿಮಿಷಕ್ಕೆ ಒಂದು ತಂತಿಯ ಸುತ್ತ ಗುಳ್ಳೆ, ಇನ್ನೊಂದರ ಸುತ್ತ ಹಸಿರು ಗಸಿ. ನನ್ನ ಉಪ್ಪಿನ ಕೋಶ ತಾಮ್ರದ ಕಿಲುಬಿನ ಕಾರ್ಖಾನೆ ಆಗಿತ್ತು.

ತಾಮ್ರ ಕಿತ್ತೆ. ಎರಡು ಪೆನ್ಸಿಲ್ ಸೀಳಿ ಒಳಗಿನ ಕಡ್ಡಿ ತೆಗೆದು ಹಾಕಿದೆ. ಗ್ರ್ಯಾಫೈಟ್ ಕರಗುವುದಿಲ್ಲ. ಪ್ರೋಗ್ರಾಂ ಹಾಕಿ ನಡೆಸುವ ಸಣ್ಣ ಬೋರ್ಡು ಆರ್ಡುಯಿನೋ ನ್ಯಾನೋ, ಅದರ ಒಂದು ಪಿನ್‌ನಿಂದ ಹತ್ತು ಮಿಲಿಸೆಕೆಂಡ್ ಮಾತ್ರ ಕರೆಂಟ್ ಕೊಡು, ಓದು, ನಿಲ್ಲಿಸು, ಅರ್ಧ ಸೆಕೆಂಡ್ ಬಿಟ್ಟು ಮತ್ತೆ, ಅಂತ ಪ್ರೋಗ್ರಾಂ ಬರೆದೆ. ಗುಳ್ಳೆ ನಿಂತಿತು.

ಈಗ ಬೇರೆ ಕಾಟ. ಉಪ್ಪು ಹಾಕುವ ಮೊದಲೇ ದೀಪ ಹತ್ತಿತು. ಅರ್ಧ ತಾಸು ವೈರಿಂಗ್ ಹುಡುಕಿದೆ. ಶಾರ್ಟ್ ಎಲ್ಲೂ ಇಲ್ಲ. ಕೊನೆಗೆ ಹೊಳೆಯಿತು, ಬಟ್ಟಲಿಗೆ ಹಾಕಿದ್ದು ನಮ್ಮ ಬೋರಿನ ನೀರು! ಕೂಲರ್ ಪ್ಯಾಡ್ ಮೇಲೆ ಬಿಳಿ ಪೊರೆ ಕಟ್ಟುವ ನೀರು ಅದು, ಅದರಲ್ಲಿ ಏನೆಲ್ಲ ಕರಗಿರಬೇಡ. ಅಂಗಡಿಯಲ್ಲಿ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ಇದ್ದೇ ಇತ್ತು. ಅದನ್ನು ಹಾಕಿದೆ, ದೀಪ ಆರಿತು.

ಆದರೂ ಸಮಾಧಾನ ಆಗಲಿಲ್ಲ. ಎಕ್ಸಿಬಿಷನ್‌ನಲ್ಲಿ ಯಾರಾದರೂ ನಲ್ಲಿ ನೀರು ಹಾಕೇ ಹಾಕುತ್ತಾರೆ. ಕಡ್ಡಿಯ ಜೊತೆಗಿದ್ದ 10 ಕಿಲೋ ಓಮ್ ರೆಸಿಸ್ಟರ್ ತೆಗೆದು 1 ಕಿಲೋ ಓಮ್ ಹಾಕಿದೆ. ಈಗ ನ್ಯಾನೋ ಓದುವ ಅಂಕಿಗಳು ಬಿಡಿಬಿಡಿಯಾಗಿ ಬಂದವು. ಡಿಸ್ಟಿಲ್ಡ್ ವಾಟರ್‌ಗೆ 20ರ ಆಸುಪಾಸು, ಬೋರಿನ ನೀರಿಗೆ 480, ಒಂದು ಚಮಚ ಉಪ್ಪಿಗೆ 780. ದೀಪ ಹತ್ತುವ ಗೆರೆಯನ್ನು 650ಕ್ಕೆ ಇಟ್ಟೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಪೆನ್ಸಿಲ್ ಕಡ್ಡಿಗೆ ಕರೆಂಟ್ ಹರಿಸುವ ಎಲ್ಲವೂ ಒಂದೇ. ನಾಲಿಗೆ ಹಾಗಲ್ಲ. ಉಪ್ಪಿನ ಕೋಶದ ಮೇಲೆ ಈನ್ಯಾಕ್ ಎಂಬ ಕಿಂಡಿ ಇರುತ್ತದೆ. ಅದು ಸೋಡಿಯಂ ಅಯಾನನ್ನು, ಅಂದರೆ ವಿದ್ಯುತ್ತು ಹೊತ್ತ ಕಣವನ್ನು, ಆರಿಸಿ ಒಳಗೆ ಬಿಡುತ್ತದೆ. ಸೋಡಿಯಂ ಧನ ವಿದ್ಯುತ್ತು ಹೊತ್ತು ನೇರ ಒಳನುಗ್ಗುತ್ತದೆ, ಕೋಶದ ವೋಲ್ಟೇಜ್ ಏರುತ್ತದೆ. ನಡುವೆ ದಲ್ಲಾಳಿ ಯಾರೂ ಇಲ್ಲ. 2010ರಲ್ಲಿ ಇಲಿಗಳಲ್ಲಿ ಈ ಕಿಂಡಿಯನ್ನು ರುಚಿ ಕೋಶದಿಂದ ತೆಗೆದುಹಾಕಿ ನೋಡಿದಾಗ, ಹಿತವಾದ ಉಪ್ಪಿನ ಕಡೆಗಿನ ಸೆಳೆತವೇ ಹೊರಟುಹೋಗಿತ್ತು.

ಉಪ್ಪು ಅತಿ ಆದರೆ ಬೇರೆ ಕಥೆ. 2013ರಲ್ಲಿ ಇಲಿಗಳ ಮೇಲೆಯೇ ಗೊತ್ತಾದದ್ದು, ತೀರಾ ಉಪ್ಪಾದಾಗ ಹುಳಿ ಮತ್ತು ಕಹಿಯ ಕೋಶಗಳೂ ಕೂಗಿಕೊಳ್ಳುತ್ತವೆ. ಅದಕ್ಕೇ ಪ್ರಾಣಿ ಮುಖ ತಿರುಗಿಸುತ್ತದೆ. ಇದನ್ನು ಮಾಡೆಲ್‌ಗೆ ಸೇರಿಸುವುದು ಒಂದೇ ಸಾಲಿನ ಕೆಲಸ. ಅಂಕಿ 900 ದಾಟಿದರೆ ಹುಳಿ, ಕಹಿ ಬಾಟಲಿಗಳೂ ಹತ್ತಲಿ. ಹಿಡಿ ಉಪ್ಪು ಸುರಿದಾಗ ಮೂರೂ ಒಟ್ಟಿಗೆ ಹತ್ತಿದವು. ಇಡೀ ಮಾಡೆಲ್‌ನಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದು.

ಹುಳಿ: ಶಂಖಪುಷ್ಪ

ಹುಳಿ ಅಳೆಯುವ ಪಿಎಚ್ ಸೆನ್ಸರ್ ಬೆಲೆ ನೋಡಿ ಬಿಟ್ಟುಬಿಟ್ಟೆ. ಅತ್ತಿಗೆ ಅಂಗಳದಲ್ಲಿ ಶಂಖಪುಷ್ಪದ ಬಳ್ಳಿ ಇದೆ. ಅದರ ನೀಲಿ ಹೂವನ್ನು ಬಿಸಿನೀರಿಗೆ ಹಾಕಿದರೆ ಶಾಯಿಯಂಥ ನೀಲಿ. ನಾಲ್ಕು ಹನಿ ನಿಂಬೆರಸ ಬಿದ್ದರೆ ನೇರಳೆ, ಇನ್ನೂ ಹಾಕಿದರೆ ಗುಲಾಬಿ. ಒಂದು ಸಣ್ಣ ಗಾಜಿನ ಶೀಶೆ, ಒಂದು ಕಡೆ ಕೆಂಪು ಎಲ್ಇಡಿ, ಎದುರಿಗೆ ಬೆಳಕು ಬಿದ್ದರೆ ರೆಸಿಸ್ಟೆನ್ಸ್ ಇಳಿಯುವ ಎಲ್‌ಡಿಆರ್. ನೀಲಿ ನೀರು ಕೆಂಪು ಬೆಳಕನ್ನು ತಡೆಯುತ್ತದೆ, ಗುಲಾಬಿ ಬಿಡುತ್ತದೆ. ಹೊರಗಿನ ಬೆಳಕು ಬೀಳದಂತೆ ಸುತ್ತ ಕಪ್ಪು ಟೇಪು. ಉಪ್ಪು ಹಾಕಿ ನೋಡಿದೆ, ಅಂಕಿ ಕದಲಲಿಲ್ಲ. ಉಪ್ಪಿನ ಕಡ್ಡಿಗಿಂತ ಇದು ಜಾಸ್ತಿ ನಿಯತ್ತಿನದು.

ಎರಡನೇ ದಿನ ನಿಂಬೆ ಹಾಕದೆಯೇ ಹುಳಿ ಹತ್ತಿತು. ಈ ಸಲ ವೈರಿಂಗ್ ಹುಡುಕಲಿಲ್ಲ, ಶೀಶೆ ಮೂಸಿದೆ. ನೀಲಿ ನೀರು ಹಳಸಿತ್ತು. ಹಳಸಿದ್ದು ಹುಳಿಯೇ ಅಲ್ವಾ, ಸೆನ್ಸರ್ ಸರಿಯಾಗೇ ಹೇಳಿತ್ತು. ಆಮೇಲೆ ಹೂವನ್ನು ಒಣಗಿಸಿ ಡಬ್ಬಿಯಲ್ಲಿಟ್ಟು, ಬೇಕಾದಾಗ ತಾಜಾ ನೀರು ಮಾಡಿಕೊಂಡೆವು.

ನಾಲಿಗೆಯಲ್ಲಿ ಹುಳಿಗೂ ನೇರ ಬಾಗಿಲೇ. ಹುಳಿ ಅಂದರೆ ಹೈಡ್ರೋಜನ್ ಅಯಾನು. ಅದು ನುಗ್ಗುವ ಕಿಂಡಿಯ ಹೆಸರು ಓಟಾಪ್1. ಇದನ್ನು ಮೊದಲು ಕಂಡದ್ದು ನಾಲಿಗೆಯಲ್ಲಲ್ಲ, ಕಿವಿಯಲ್ಲಿ. ತಲೆ ವಾಲಿಸಿಕೊಂಡು ಓಡಾಡುವ, ಸಮತೋಲನ ತಪ್ಪಿದ ಇಲಿಗಳಲ್ಲಿ ಈ ಜೀನ್ ಕೆಟ್ಟಿತ್ತು. ಅದೇ ಪ್ರೋಟೀನು ಹೈಡ್ರೋಜನ್ ಅಯಾನಿನ ಕಿಂಡಿ ಅಂತ ಎಮಿಲಿ ಲಿಮನ್ ಅವರ ಲ್ಯಾಬ್ 2018ರಲ್ಲಿ ತೋರಿಸಿತು. ಅಯಾನು ಒಳಗೆ ಬಂದ ಮೇಲೆ ಪೊಟ್ಯಾಸಿಯಂ ಹೊರಹೋಗುವ ದಾರಿಯನ್ನೂ ಮುಚ್ಚುತ್ತದೆ. ಒಳಗೆ ಧನ ಬರುತ್ತಿದೆ, ಹೊರಗೆ ಹೋಗಲು ದಾರಿ ಇಲ್ಲ. ವೋಲ್ಟೇಜ್ ಏರದೆ ಏನು ಮಾಡುತ್ತದೆ? ಏರಿದ ಮೇಲೆ ಕ್ಯಾಲ್ಸಿಯಂ ಗೇಟು ತೆರೆದು, ಕೋಶ ತನ್ನ ಬುಡದಲ್ಲಿ ಪೊಟ್ಟಣ ಕಟ್ಟಿಟ್ಟ ಸೆರೋಟೋನಿನ್‌ನಂಥ ರಾಸಾಯನಿಕವನ್ನು ಬಿಡುತ್ತದೆ.

ಪುಂಡಿ ಪಲ್ಯ ಬಾಯಿಗಿಟ್ಟಾಗ ಆಗುವುದು ಇಷ್ಟೇ.

ಸಿಹಿ, ಕಹಿ, ಉಮಾಮಿ: ಬೀಗದ ಕೆಲಸ

ಸಕ್ಕರೆ ಅಣು ದೊಡ್ಡದು, ವಿದ್ಯುತ್ತು ಹೊತ್ತಿಲ್ಲ, ಕಿಂಡಿಯಲ್ಲಿ ತೂರಿ ಹೋಗುವುದಿಲ್ಲ. ಅದು ಕೋಶದ ಹೊರಗೇ ನಿಂತು ಬೀಗ ತಿರುಗಿಸುತ್ತದೆ. ಈ ಬೀಗಗಳು ಪತ್ತೆಯಾದದ್ದು 2000ದಿಂದ 2002ರ ನಡುವೆ. ಅದರಲ್ಲಿ ದೊಡ್ಡ ಪಾಲು ಚಾರ್ಲ್ಸ್ ಝುಕರ್ ಮತ್ತು ನಿಕೋಲಸ್ ರೈಬಾ ಅವರ ಲ್ಯಾಬ್‌ಗಳದ್ದು.

ಸಿಹಿಯ ಬೀಗ ಎರಡು ತುಂಡು ಸೇರಿ ಆದದ್ದು. ಟಿ1ಆರ್2 ಮತ್ತು ಟಿ1ಆರ್3. ಉಮಾಮಿಯದು ಟಿ1ಆರ್1 ಮತ್ತು ಅದೇ ಟಿ1ಆರ್3. ನಡುವಿನ ತುಂಡು ಇಬ್ಬರಿಗೂ ಸಾಮಾನ್ಯ. ಇದನ್ನು ಓದಿದಾಗ ನನ್ನ ತಲೆಯಲ್ಲಿ ಸರ್ಕ್ಯೂಟ್ ತಾನಾಗೇ ಬಂತು. ಮೂರು ರೀಡ್ ಸ್ವಿಚ್ ಸಾಲಾಗಿ, ಮ್ಯಾಗ್ನೆಟ್ ಹತ್ತಿರ ತಂದರೆ ಕೂಡುವಂಥವು. ನಡುವಿನದರ ಒಂದು ಕಾಲು ಗ್ರೌಂಡಿಗೆ, ಇನ್ನೊಂದು ಕಾಲಿನಿಂದ ಎಡಕ್ಕೊಂದು ಬಲಕ್ಕೊಂದು ಸ್ವಿಚ್. ಎಡದ್ದು ನ್ಯಾನೋದ 2ನೇ ಪಿನ್‌ಗೆ, ಬಲದ್ದು 3ಕ್ಕೆ. ಎಡ ಮತ್ತು ನಡು ಎರಡೂ ಕೂಡಿದರೆ ಸಿಹಿ. ನಡು ಮತ್ತು ಬಲ ಕೂಡಿದರೆ ಉಮಾಮಿ. ಸೀರೀಸ್ ಕನೆಕ್ಷನ್, ಅಷ್ಟೇ.

ಬೀಗದ ಕೈ ಬೇಕಲ್ಲ, ಮ್ಯಾಗ್ನೆಟ್ ಹುದುಗಿಸಿದ ರಬ್ಬರ್ ತುಂಡು ಮಾಡಿದೆ. ಹಳೇ ಹವಾಯಿ ಚಪ್ಪಲಿ ಕೊಯ್ದು ಸಕ್ಕರೆಯ ಆಕಾರ ಕೊಟ್ಟಿದ್ದೆ. "ಛೀ ಕಾಕಾ, ಚಪ್ಪಲಿ ಸಕ್ಕರಿ ಏನು! ನಾಲಗಿ ಮ್ಯಾಲ ಇಡೂದು ಅದು" ಅಂತ ಹುಡುಗಿ ಬೈದಳು. ಯೋಗದ ಹಳೇ ಚಾಪೆಯಿಂದ ಮತ್ತೆ ಕೊಯ್ದೆ. ಮೊದಲು ಹಾಕಿದ ಮ್ಯಾಗ್ನೆಟ್ ಒಡೆದ ಸ್ಪೀಕರಿನದು. ಅದರ ಎಳೆತ ಎಷ್ಟಿತ್ತೆಂದರೆ ಸಿಹಿ ಇಟ್ಟರೆ ಮೂರೂ ಸ್ವಿಚ್ ಕೂಡಿ ಉಮಾಮಿಯೂ ಹತ್ತುತ್ತಿತ್ತು. ಸಣ್ಣ ಗುಂಡಿ ಮ್ಯಾಗ್ನೆಟ್ ಹಾಕಿ, ಸ್ವಿಚ್‌ಗಳ ನಡುವೆ ನಾಲ್ಕು ಸೆಂಟಿಮೀಟರ್ ಬಿಟ್ಟ ಮೇಲೆ ಸರಿಹೋಯಿತು.

ಕಹಿ ಇದಕ್ಕೆ ಉಲ್ಟಾ. ಮನುಷ್ಯರಲ್ಲಿ ಟಿ2ಆರ್ ಎಂಬ ಸುಮಾರು 25 ಬಗೆಯ ಕಹಿ ಬೀಗಗಳಿವೆ. ಒಂದೇ ಕೋಶದ ಮೇಲೆ ಹಲವು ಬಗೆ ಕೂತಿರುತ್ತವೆ. ಯಾವುದು ತೆರೆದರೂ ಸುದ್ದಿ ಒಂದೇ, ಕಹಿ. ಬೇವಿನದೋ, ಹಾಗಲಕಾಯಿಯದೋ, ಕ್ವಿನೈನ್ ಗುಳಿಗೆಯದೋ, ಕೋಶಕ್ಕೆ ಆ ಉಸಾಬರಿ ಇಲ್ಲ. ಕಹಿ ಅಂದರೆ ವಿಷ ಇರಬಹುದು, ಉಗುಳು. ಹಾಗಾಗಿ ಇಲ್ಲಿ ಪ್ಯಾರಲಲ್ ಕನೆಕ್ಷನ್. ಇಪ್ಪತ್ತೈದು ಸ್ವಿಚ್ ಕೊಳ್ಳಲು ಮನಸ್ಸಾಗಲಿಲ್ಲ, ಐದು ಹಾಕಿದೆ.

ಎಡದ ಸ್ವಿಚ್‌ನ ದಾರಿಯಲ್ಲಿ ಒಂದು ಟಾಗಲ್ ಹಾಕಿ ಅದಕ್ಕೆ 'ಬೆಕ್ಕು' ಅಂತ ಚೀಟಿ ಅಂಟಿಸಿದೆವು. ಬೆಕ್ಕಿನ ಟಿ1ಆರ್2 ಜೀನ್ ಕೆಟ್ಟು ನಿಂತಿದೆ. ಇದು 2005ರಲ್ಲಿ ಗೊತ್ತಾದದ್ದು, ಹುಲಿಗೂ ಹಾಗೇ. ಟಾಗಲ್ ಕೆಳಗೆ ಮಾಡಿ ಎಷ್ಟು ಸಕ್ಕರೆ ಇಟ್ಟರೂ ದೀಪ ಹತ್ತುವುದಿಲ್ಲ. ಉಮಾಮಿ ಮಾತ್ರ ಹತ್ತುತ್ತದೆ. ಬೆಕ್ಕಿಗೆ ಪೇಡೆ ಬೇಡ, ಮೀನು ಬೇಕು. ಬಲಗಡೆ ಅಂಥದೇ ಇನ್ನೊಂದು, 'ಪಾಂಡಾ'. ಬಿದಿರು ತಿನ್ನುವ ದೈತ್ಯ ಪಾಂಡಾದಲ್ಲಿ ಟಿ1ಆರ್1 ಕೆಟ್ಟಿದೆ. ಮಕ್ಕಳು ಎಕ್ಸಿಬಿಷನ್ ದಿನ ಬೇರೆಲ್ಲ ಬಿಟ್ಟು ಈ ಎರಡು ಟಾಗಲ್ ಆಡಿಸಿದ್ದೇ ಆಡಿಸಿದ್ದು.

ಬೀಗ ತೆರೆದ ಮೇಲೆ

ಉಪ್ಪು, ಹುಳಿಯ ಹಾಗೆ ಇಲ್ಲಿ ಕರೆಂಟ್ ನೇರ ಬರುವುದಿಲ್ಲ. ಒಂದು ರಿಲೇ ಓಟ ನಡೆಯುತ್ತದೆ. ಬೀಗದ ಒಳಬದಿಗೆ ಅಂಟಿಕೊಂಡ ಗಸ್ಟ್‌ಡ್ಯೂಸಿನ್ ಎಂಬ ಪ್ರೋಟೀನ್, 1992ರಲ್ಲಿ ಪತ್ತೆಯಾದದ್ದು, ಎರಡಾಗಿ ಒಡೆಯುತ್ತದೆ. ಅದರ ಒಂದು ತುಂಡು ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಕಿಣ್ವ ಐಪಿ3 ಎಂಬ ಸಣ್ಣ ಅಣುಗಳನ್ನು ಕತ್ತರಿಸಿ ಎಸೆಯುತ್ತದೆ. ಅವು ಕೋಶದ ಒಳಗಿನ ಕ್ಯಾಲ್ಸಿಯಂ ಗೋದಾಮಿನ ಬಾಗಿಲು ತೆಗೆಯುತ್ತವೆ. ಕ್ಯಾಲ್ಸಿಯಂ ನುಗ್ಗಿ ಟ್ರಿಪ್ ಎಂ5 ಎಂಬ ಕಿಂಡಿ ತೆರೆಸುತ್ತದೆ. ಆಗ ಸೋಡಿಯಂ ಒಳಗೆ, ವೋಲ್ಟೇಜ್ ಮೇಲೆ. ನಮ್ಮ ಧಂದೆಯಲ್ಲಿ ಟ್ರಿಪ್ ಅಂದರೆ ಎಂಸಿಬಿ ಬಿದ್ದು ಕರೆಂಟ್ ಹೋಗುವುದು. ಇಲ್ಲಿ ಟ್ರಿಪ್ ಆದರೇ ಕರೆಂಟ್ ಬರುವುದು!

ಇಷ್ಟು ಸುತ್ತು ಯಾಕೆ ಅಂದರೆ, ಆಂಪ್ಲಿಫೈಯರ್ ಬೇಕು. ಹೊರಗೆ ಒಂದೇ ಅಣು ಬೀಗ ತಿರುಗಿಸಿದರೂ ಒಳಗೆ ಹೆಜ್ಜೆಹೆಜ್ಜೆಗೆ ಸುದ್ದಿ ದೊಡ್ಡದಾಗುತ್ತ ಹೋಗುತ್ತದೆ. ಒಂದು ಟ್ರಾನ್ಸಿಸ್ಟರ್ ಇನ್ನೊಂದನ್ನು, ಅದು ಮತ್ತೊಂದನ್ನು ಎತ್ತುವ ಹಾಗೆ. ಬಾಟಲಿಯೊಳಗೆ ಮೇಲಿಂದ ಕೆಳಗೆ ಆರು ಹಂತ ಎಲ್ಇಡಿ ಹಾಕಿದೆ. ಮೊದಲ ಹಂತಕ್ಕೆ ಒಂದು ದೀಪ, ಕ್ಯಾಲ್ಸಿಯಂ ಹಂತಕ್ಕೆ ಹನ್ನೆರಡು. ಮೊದಲು ಎಲ್ಲ ಹಂತಕ್ಕೂ ಒಂದೊಂದೇ ಹಾಕಿದ್ದೆ. ಹುಡುಗಿಯೇ ಕೇಳಿದಳು, "ದೊಡ್ಡದ್ ಆಗ್ತದ ಅಂತೀರಿ, ದೀಪ ಅಷ್ಟೇ ಅದಾವಲ್ಲ?"

ಟ್ರಿಪ್ ಎಂ5 ಬೆಚ್ಚಗಿದ್ದಾಗ ಜಾಸ್ತಿ ತೆರೆಯುತ್ತದೆ. 15 ಡಿಗ್ರಿಯಿಂದ 35ಕ್ಕೆ ಏರಿದಂತೆ ಅದರ ಚುರುಕು ಏರುತ್ತದೆ. ಕರಗಿದ ಕುಲ್ಫಿ ಗಟ್ಟಿ ಕುಲ್ಫಿಗಿಂತ ಸಿಹಿ ಅನ್ನಿಸುವುದು ಇದಕ್ಕೇ. ಬಿಸಿ ಅಳೆಯುವ ಥರ್ಮಿಸ್ಟರ್ ಹಾಕಿ ಇದನ್ನೂ ತೋರಿಸುವ ಆಸೆ ಇತ್ತು, ದಿನ ಸಾಲಲಿಲ್ಲ.

ಸಜ್ಜೆ ಕಾಳು

ಈಗ ಕೊನೆಯ ಹೆಜ್ಜೆ. ಕೋಶ ನರಕ್ಕೆ ಸುದ್ದಿ ಮುಟ್ಟಿಸಬೇಕು. ಹುಳಿಯ ಕೋಶ ಪೊಟ್ಟಣ ಒಡೆಯುತ್ತದೆ ಅಂದೆನಲ್ಲ, ಸಿಹಿ ಕಹಿಯ ಕೋಶಗಳಲ್ಲಿ ಅಂಥ ಪೊಟ್ಟಣದ ವ್ಯವಸ್ಥೆಯೇ ಇಲ್ಲ. ಇಲ್ಲಿ ವೋಲ್ಟೇಜ್ ಏರಿದಾಗ ಕಾಲ್‌ಎಚ್‌ಎಂ1 ಮತ್ತು ಕಾಲ್‌ಎಚ್‌ಎಂ3 ಎಂಬ ಎರಡು ಪ್ರೋಟೀನ್ ಸೇರಿ ಕಟ್ಟಿದ ಅಗಲವಾದ ಕಿಂಡಿ ತೆರೆಯುತ್ತದೆ, ಅದರಿಂದ ಎಟಿಪಿ ಹೊರಗೆ ಸುರಿಯುತ್ತದೆ. ಎಟಿಪಿ ಅಂದರೆ ಜೀವಕೋಶಗಳು ದುಡ್ಡಿನ ಹಾಗೆ ಖರ್ಚು ಮಾಡುವ ಶಕ್ತಿಯ ಅಣು. ಅದನ್ನೇ ಇಲ್ಲಿ ಸುದ್ದಿಗೂ ಬಳಸುತ್ತವೆ. ನರದ ತುದಿಯಲ್ಲಿ ಅದನ್ನು ಕೇಳುವ ಎರಡು ಬಗೆಯ ಕಿವಿಗಳಿವೆ. 2005ರಲ್ಲಿ ಆ ಕಿವಿಗಳಿಲ್ಲದ ಇಲಿಗಳನ್ನು ನೋಡಿದಾಗ ರುಚಿಯ ನರ ಮೂಕವಾಗಿತ್ತು.

ಸುರಿಯುವುದು ಅಂದಮೇಲೆ ಸುರಿದೇ ತೋರಿಸೋಣ ಅಂತ ಹಟ. ಬಾಟಲಿಯ ಬುಡಕ್ಕೆ ಸಣ್ಣ ಡಬ್ಬಿ, ಅದರ ಬಾಗಿಲು ತಿರುಗಿಸಲು ಸಣ್ಣ ಮೋಟರ್, ಎಸ್‌ಜಿ90 ಸರ್ವೋ. ಕೆಳಗೆ ತಗಡಿನ ತಟ್ಟೆ, ತಟ್ಟೆಯ ಅಡಿಗೆ ಪೀಜೋ ಬಿಲ್ಲೆ. ಕಾಳು ಬಿದ್ದು ತಟ್ಟೆ ನಡುಗಿದರೆ ಪೀಜೋ ವೋಲ್ಟೇಜ್ ಕೊಡುತ್ತದೆ, ಆಗ ನರದ ದೀಪಮಾಲೆ ಓಡುತ್ತದೆ.

ನಮ್ಮೂರಲ್ಲಿ ಕಾಳು ಅಂದರೆ ಜೋಳ. ಜೋಳ ಹಾಕಿದೆ. ಬಾಗಿಲ ಸಂದಿನಲ್ಲಿ ಸಿಕ್ಕಿ ಸರ್ವೋ ಗುರ್ ಅಂತ ಅತ್ತಿತು. ಸಾಸಿವೆ ಹಾಕಿದೆ. ಸರಾಗ ಬಿತ್ತು, ಆದರೆ ಅದರ ಪೆಟ್ಟು ಪೀಜೋಗೆ ಗೊತ್ತೇ ಆಗಲಿಲ್ಲ. ಕೊನೆಗೆ ಸಜ್ಜೆ. ಜೋಳಕ್ಕಿಂತ ಸಣ್ಣದು, ಸಾಸಿವೆಗಿಂತ ಗಟ್ಟಿ. ಕೆಲಸ ಮಾಡಿತು.

ಅಂದರೆ, ಮಾಡಿತು ಅಂದುಕೊಂಡೆ. ಡಬ್ಬಿ ಖಾಲಿ ಇದ್ದಾಗಲೂ ನರ ಬೆಳಗುತ್ತಿತ್ತು. ಸರ್ವೋ ತಿರುಗುವ ನಡುಕವನ್ನೇ ಪೀಜೋ ಹಿಡಿಯುತ್ತಿತ್ತು. ತಟ್ಟೆಯ ಕಾಲಿಗೆ ಸ್ಪಂಜು ಕೊಟ್ಟು ಪ್ಲೈವುಡ್‌ನಿಂದ ಬೇರೆ ಮಾಡಿದೆ. ಆಮೇಲೆ ಸರ್ವೋ ಎಳೆದಾಗಲೆಲ್ಲ ನ್ಯಾನೋ ರಿಸೆಟ್ ಆಗತೊಡಗಿತು. 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಸರ್ವೋಗೆ ಬೇರೆ ಮೊಬೈಲ್ ಚಾರ್ಜರ್ ಕೊಟ್ಟೆ. ಗ್ರೌಂಡ್ ಎರಡಕ್ಕೂ ಒಂದೇ ಇರಲಿ, ಅದನ್ನು ಮರೆತು ನಾನು ಒಂದು ಸಂಜೆ ಹಾಳು ಮಾಡಿಕೊಂಡೆ.

ನರದ ದೀಪಮಾಲೆ ಎರಡು ಕವಲು. ನಾಲಿಗೆಯ ಮುಂಭಾಗದ್ದು ಏಳನೇ ತಲೆನರ, ಅದರ ಕವಲು ಕಿವಿಯ ತಮಟೆಯ ಪಕ್ಕದಲ್ಲೇ ಹಾದು ಹೋಗುತ್ತದೆ. ಹಿಂಭಾಗದ್ದು ಒಂಬತ್ತನೇ ನರ. ಎರಡೂ ಮಿದುಳಿನ ಕಾಂಡಕ್ಕೆ ಮುಟ್ಟುತ್ತವೆ. ಬಾಟಲಿಗಳನ್ನೆಲ್ಲ ಪಿನ್ ಕನೆಕ್ಟರ್ ಮೇಲೆ ಕೂರಿಸಿದ್ದೇವೆ, ಕಿತ್ತು ಬೇರೆ ಹಾಕಬಹುದು. ರುಚಿ ಕೋಶದ ಆಯಸ್ಸು ಸರಾಸರಿ ಹತ್ತು ದಿನದ ಆಸುಪಾಸು. ಬುಡದ ಎಳೆ ಕೋಶಗಳಿಂದ ಹೊಸವು ಬಂದು ಜಾಗ ತುಂಬುತ್ತವೆ, ಬಿಸಿ ಚಹಾಕ್ಕೆ ಸುಟ್ಟ ನಾಲಿಗೆ ಸರಿಹೋಗುವುದು ಹಾಗೇ.

"ಖಾರ ಎಲ್ಲದ?"

ಮಾಡೆಲ್ ನೋಡಲು ಅವ್ವ ಅಂಗಡಿಗೆ ಬಂದಿದ್ದರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ. "ಖಾರ ಎಲ್ಲದ? ಖಾರ ಇಲ್ದ್ ಎಂಥಾ ನಾಲಗಿನೋ ತಮ್ಮಾ?"

ದಿನಾ ರೊಟ್ಟಿ ಜೊತೆ ಶೇಂಗಾ ಹಿಂಡಿ, ಕೆಂಪು ಖಾರ ತಿನ್ನುವ ಊರಿನಲ್ಲಿ ಈ ಪ್ರಶ್ನೆ ಬರದೇ ಇರುತ್ತದೆಯೇ. ಖಾರ ರುಚಿಮೊಗ್ಗಿನ ಕೆಲಸವೇ ಅಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೋವಿನ ನರದ ಮೇಲಿನ ಟ್ರಿಪ್ ವಿ1 ಎಂಬ ಕಿಂಡಿ ತೆರೆಸುತ್ತದೆ. ಅದು ಸುಡುವ ಬಿಸಿಗೆ, ಸುಮಾರು 43 ಡಿಗ್ರಿ ದಾಟಿದರೆ, ತೆರೆಯುವ ಕಿಂಡಿ. ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ಮುಟ್ಟುವ ಅಂಕಿ ಅದೇ. 1997ರಲ್ಲಿ ಇದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಕಣ್ಣಿಗೆ ಖಾರದ ಕೈ ತಾಕಿದರೂ ಉರಿಯುತ್ತದೆ, ಕಣ್ಣಿಗೇನು ರುಚಿಮೊಗ್ಗು ಇದೆಯೇ? ಅವ್ವನ ಮಾತಿಗೆ ಬೆಲೆ ಕೊಟ್ಟು, ಬೆಳ್ಳುಳ್ಳಿ ಗಡ್ಡೆಯ ಹೊರಗೆ ಒಂದು ಕೆಂಪು ದೀಪ ಹಾಕಿ, ಮೊಗ್ಗನ್ನು ಮುಟ್ಟದೆ ಬೇರೆಯೇ ವೈರ್ ಎಳೆದೆ.

ಸಕ್ಕರೆ ಮರಳಾದ ಸಂಜೆ

ಬೀಗದ ಮಾತು ನಿಜವೇ ಅಂತ ನನ್ನ ನಾಲಿಗೆ ಮೇಲೇ ನೋಡುವ ಒಂದು ದಾರಿ ಇತ್ತು. ಗ್ರಂಧಿಗೆ ಅಂಗಡಿಯಿಂದ ಮಧುನಾಶಿನಿ ಎಲೆಯ ಪುಡಿ ತಂದೆ. ಇದರಲ್ಲಿನ ಜಿಮ್ನೆಮಿಕ್ ಆಮ್ಲ ಸಿಹಿ ಬೀಗದ ಟಿ1ಆರ್3 ತುಂಡಿಗೆ ಅಂಟಿಕೊಳ್ಳುತ್ತದೆ. ಅರ್ಧ ಚಮಚ ಪುಡಿ ನಾಲಿಗೆಗೆ ಹಚ್ಚಿಕೊಂಡು ಒಂದು ನಿಮಿಷ ಕೂತೆ. ಕಹಿ. ಬಾಯಿ ಮುಕ್ಕಳಿಸಿ ಸಕ್ಕರೆ ಹಾಕಿಕೊಂಡೆ. ಏನೂ ಇಲ್ಲ. ಹಲ್ಲಿಗೆ ಕರಕರ ಅನ್ನುವ ಮರಳು, ಆಮೇಲೆ ಕರಗಿ ನೀರು. ಚಹಾ ಕುಡಿದೆ, ಬಿಸಿ ಕಷಾಯ. ಉಪ್ಪಿನ ಹರಳು ಇಟ್ಟೆ, ಪಕ್ಕಾ ಉಪ್ಪು. ಹುಣಸೆ ಇಟ್ಟೆ, ಪಕ್ಕಾ ಹುಳಿ. ಒಂದೇ ಬೀಗಕ್ಕೆ ಮೇಣ ತುಂಬಿದ ಹಾಗಿತ್ತು, ಉಳಿದ ಬಾಗಿಲೆಲ್ಲ ತೆರೆದೇ ಇದ್ದವು. ಅರ್ಧ ಗಂಟೆಯ ಮೇಲೆ ಸಿಹಿ ನಿಧಾನಕ್ಕೆ ಮರಳಿತು. ಶುಗರ್ ಗುಳಿಗೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ. ಮಕ್ಕಳಿಗೆ ನಾನು ಕೊಡಲಿಲ್ಲ.

28ನೇ ತಾರೀಖು

ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ಒಯ್ದೆವು. ದಾರಿಯಲ್ಲಿ ಕಹಿಯ ಒಂದು ವೈರ್ ಕಿತ್ತಿತು, ಮತ್ತೆ ಕಹಿಯೇ. ಅಲ್ಲೇ ಸೋಲ್ಡರ್ ಹಾಕಿದೆ. ಹಳೇ ಥರ್ಮೋಕೋಲ್ ನಾಲಿಗೆಯನ್ನೂ ಪಕ್ಕಕ್ಕಿಟ್ಟು, ಬಂದವರಿಗೆಲ್ಲ ಹುಡುಗಿ ಬೇವಿನ ಎಲೆ ಕೊಟ್ಟು ತುದಿಗೆ ಮುಟ್ಟಿಸಿಕೊಳ್ಳಲು ಹೇಳುತ್ತಿದ್ದಳು.

ಮಧ್ಯಾಹ್ನ ಒಬ್ಬ ಹುಡುಗ ಬಂದ. ದಿನಾ ಹಳ್ಳಿಯಿಂದ ಬಸ್ಸಿಗೆ ಬರುವವನು. ಬ್ಯಾಗಿನಿಂದ ತನ್ನ ನೀರಿನ ಬಾಟಲಿ ತೆಗೆದು, ಕೇಳದೆಯೇ ಬಟ್ಟಲಿಗೆ ಸುರಿದ. ಉಪ್ಪಿನ ದೀಪ ಹತ್ತಿತು.

ನನಗೆ ಎದೆ ಧಸಕ್ ಅಂದಿತು. ಉಪ್ಪು ಯಾರೂ ಹಾಕಿರಲಿಲ್ಲ. ಬಟ್ಟಲು ಸರಿಯಾಗಿ ತೊಳೆದಿಲ್ಲವೇನೋ ಅಂತ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ತೊಳೆದು ಮತ್ತೆ ಅವನ ನೀರು ಹಾಕಿದೆ. ಲ್ಯಾಪ್‌ಟಾಪ್‌ನಲ್ಲಿ ಅಂಕಿ 690. ನನ್ನ ಗೆರೆ 650.

ಹುಡುಗ ಬಾಟಲಿ ಎತ್ತಿ ಒಂದು ಗುಟುಕು ಕುಡಿದು, ಬಾಯಿ ಚಪ್ಪರಿಸಿ ಹೇಳಿದ. "ನಮ್ಮೂರ್ ಬೋರಿನ ನೀರ್ ರೀ. ಉಪ್ಪುಪ್ಪೇ ಇರ್ತದ."

ನಾನೂ ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡೆ. ಹೌದು, ಉಪ್ಪೇ ಇತ್ತು.